ದೇವನಹಳ್ಳಿಯ ಟಿಪ್ಪುವೂ ಕಡಲೂ

ದೇವನಹಳ್ಳಿಯವರಾದ ನಮಗೂ ಕಡಲಿಗೂ ಏನು ಸಂಬಂಧ? ನಮ್ಮಲ್ಲಿ ಕೆರೆ ಕೋಡಿ ಬಿದ್ದರೆ ಅದೇ ಹಬ್ಬ. ಆದರೂ ಕಡಲನ್ನು ಆಳುವ ಹಂಬಲ ಹೊತ್ತವನೊಬ್ಬ ನಮ್ಮೂರಿನಲ್ಲಿ ಹುಟ್ಟಿದ. ಅವನೇ ಟಿಪ್ಪು ಸುಲ್ತಾನ್. ಕೋಟೆಯ ಬಳಿ ಅವನು ಹುಟ್ಟಿದ ಜಾಗದ ಪುಟ್ಟ ಕಲ್ಲುಮಂಟಪದ ಮುಂದೆ ಓಡಾಡಿಯೇ ನಾನು ಬೆಳೆದೆ.

ಕಳೆದ ವರ್ಷ ಮಂಗಳೂರಿಗೆ ಹೋಗುವ ಸುಯೋಗ ಬಂದಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೂ ಕಡಲು ಕಂಡವನೂ ನಾನೇ ಮೊದಲಿಗ. ಬೋಳೂರಿನಲ್ಲಿ ಗುರುಪುರ ಹೊಳೆಯ ದಡದ ಸುಲ್ತಾನ್ ಬತ್ತೇರಿಯನ್ನು ಏರಿ, ಫಿರಂಗಿಯ ಕಂಡಿಗಳಲ್ಲಿ ನೀರನ್ನು ನೋಡುತ್ತ ನಿಂತೆ.

1780ರಲ್ಲಿ ಇಂಗ್ಲಿಷರು ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶಮಾಡಿದ್ದರು. 1782ರಲ್ಲಿ ತಂದೆ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಟಿಪ್ಪು, 1784ರಲ್ಲಿ ಇದೇ ಊರಿನಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡ. ಶತ್ರುವಿನ ಹಡಗು ಹೊಳೆಯೊಳಕ್ಕೆ ನುಗ್ಗದಂತೆ ಬತ್ತೇರಿ ಎದ್ದಿತು. 1786ರಲ್ಲಿ ಅವನ ರಾಯಭಾರಿಗಳು ಕಾನ್‌ಸ್ಟಾಂಟಿನೋಪಲ್ಲಿಗೆ ಹಡಗೇರಿದರು. ಜೊತೆಗೆ ಹೊರಟ ಸುಮಾರು 900 ಮಂದಿಯಲ್ಲಿ ಬಹುಪಾಲು ಜನ ಹಿಂದಿರುಗಲಿಲ್ಲ. 1792ರಲ್ಲಿ ಸೋತು ಅರ್ಧ ರಾಜ್ಯ ಕಳೆದುಕೊಂಡರೂ ಅವನು ಎದೆಗುಂದಲಿಲ್ಲ. 1796ರಲ್ಲಿ ನೌಕಾಪಡೆಗೆಂದೇ ಇಲಾಖೆ ತೆರೆದು, ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಅಪ್ಪಣೆಯಿತ್ತ. ಆ ಕೆಲಸ ಪೂರೈಸುವ ಮೊದಲೇ, 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತ ಮಡಿದ.

ಅಂದು ಮಧ್ಯಾಹ್ನ ಗೆಳೆಯನೊಬ್ಬನ ಮನೆಯಲ್ಲಿ ಊಟ. ನಾನು ಟಿಪ್ಪುವಿನ ಊರಿನವನೆಂದು ಹೆಮ್ಮೆಯಿಂದ ಹೇಳಿಕೊಂಡೆ. ಅವನ ಅಜ್ಜಿ ಬಡಿಸುತ್ತಿದ್ದವರು ಸುಮ್ಮನಾದರು. 1784ರಲ್ಲಿ ಟಿಪ್ಪು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಆ ಮನೆಯಲ್ಲಿ ಅದಿನ್ನೂ ಹಳೆಯ ಮಾತಾಗಿರಲಿಲ್ಲ. ಅಜ್ಜಿ ಮತ್ತೆ ನನ್ನೆಲೆಗೆ ಅನ್ನ ಬಡಿಸಿದರು. ನನಗೆ ತುತ್ತು ಇಳಿಯಲಿಲ್ಲ.

ಹಿಂದಿರುಗುವಾಗ ಶ್ರೀರಂಗಪಟ್ಟಣದಲ್ಲಿ ಇಳಿದು ದರಿಯಾ ದೌಲತ್ ನೋಡಿದೆ. 1784ರಲ್ಲಿ ಕಟ್ಟಿಸಿದ ಆ ಅರಮನೆ ಇಂದು ವಸ್ತುಸಂಗ್ರಹಾಲಯ. ಹೆಸರಿನ ಅರ್ಥ ಕಡಲಿನ ಸಿರಿ. ತೇಗದ ಕಂಬಗಳ ಹಿಂದಿನ ಗೋಡೆಯ ಮೇಲೆ ಪೊಳ್ಳಿಲೂರಿನ ಗೆಲುವು ಬಣ್ಣಬಣ್ಣವಾಗಿ ಮೆರೆಯುತ್ತಿದೆ. ಸೆರೆಯಾಳುಗಳ ಆ ನಡಿಗೆಯನ್ನು ಹುಡುಕಿದೆ, ಕಾಣಲಿಲ್ಲ.

ಊರಿನವನೆಂಬ ಅಭಿಮಾನ ನನ್ನನ್ನು ಬಿಟ್ಟಿಲ್ಲ. ಆದರೆ ಇನ್ನು ಮುಂದೆ ಮಂಟಪದ ಬಳಿ ಯಾರಾದರೂ ಟಿಪ್ಪುವಿನ ಕಥೆ ಕೇಳಿದರೆ, ಹಡಗುಗಳ ಮಾತಿನೊಡನೆ ಆ ಸೆರೆಯ ಮಾತನ್ನೂ ಹೇಳುತ್ತೇನೆ. ಉಂಡ ಮನೆಯ ಋಣ ಅದು.