ಬಣ್ಣಗಳನ್ನು ಬಿಡಿಸಿದ ಸಸ್ಯವಿಜ್ಞಾನಿ: ಮಿಖಾಯಿಲ್ ತ್ಸ್ವೆತ್

ಮಳೆಗೆ ನೆನೆದು ಸರಿಯಾಗಿ ಒಣಗದ ಕಡಲೆಕಾಯಿ, ಮೆಕ್ಕೆಜೋಳಗಳಿಗೆ ಹಸಿರು ಬೂಷ್ಟು ಹಿಡಿಯುವುದನ್ನು ನೀವು ನೋಡಿರಬಹುದು. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕೆಲವು ಜಾತಿಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಅಡುಗೆಯ ಬಿಸಿಗೂ ಪೂರ್ತಿ ನಾಶವಾಗುವುದಿಲ್ಲ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 397 ಜನ ಕಾಯಿಲೆ ಬಿದ್ದರು. ಅವರಲ್ಲಿ 106 ಮಂದಿ ಪ್ರಾಣ ಕಳೆದುಕೊಂಡರು.

ಇಂದು ಈ ವಿಷವನ್ನು ಪತ್ತೆಹಚ್ಚುವ ಯಂತ್ರಗಳು ದೊಡ್ಡ ಪ್ರಯೋಗಾಲಯಗಳಲ್ಲಿ ಹಗಲಿರುಳು ತಾವಾಗಿಯೇ ಕೆಲಸ ಮಾಡುತ್ತವೆ. ಅವುಗಳ ಮೂಲ ಹುಡುಕುತ್ತ ಹೋದರೆ ನಮಗೆ ಸಿಗುವುದು ಒಂದು ಗಾಜಿನ ಕೊಳವೆ ಮತ್ತು ಅದನ್ನು ಹಿಡಿದು ನಿಂತ ಒಬ್ಬ ಬಡ ಅಧ್ಯಾಪಕ.

ಮಿಖಾಯಿಲ್ ತ್ಸ್ವೆತ್ ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯಾದವರು, ತಾಯಿ ಇಟಲಿಯವರು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡರು. ತಾಯಿಯಿಲ್ಲದ ಬಾಲಕ ಸ್ವಿಟ್ಜರ್ಲೆಂಡಿನಲ್ಲಿ ಬೆಳೆದು, ಜಿನೀವಾ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ಓದಿ, 1896ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಅದೇ ವರ್ಷ ಅವರು ರಷ್ಯಾಕ್ಕೆ ಬಂದರು. ಅಲ್ಲಿ ಕಾದಿದ್ದು ನಿರಾಶೆ. ಜಿನೀವಾದ ಪದವಿಗೆ ರಷ್ಯಾದಲ್ಲಿ ಮಾನ್ಯತೆ ಇರಲಿಲ್ಲ. ಡಾಕ್ಟರೇಟ್ ಪಡೆದವರು ಮತ್ತೆ ವಿದ್ಯಾರ್ಥಿಯಾಗಬೇಕಾಯಿತು. ಅವರು ಸಿಟ್ಟಿನಿಂದ ಓದು ಬಿಡಲಿಲ್ಲ. 1901ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಮಾಸ್ಟರ್ ಪದವಿ ಪಡೆದರು. ಮುಂದೆ ವಾರ್ಸಾದಲ್ಲಿ ಸಹಾಯಕ ಅಧ್ಯಾಪಕರಾಗಿ ದುಡಿಯುತ್ತಲೇ 1910ರಲ್ಲಿ, 38ನೇ ವಯಸ್ಸಿನಲ್ಲಿ, ಎರಡನೆಯ ಬಾರಿ ಡಾಕ್ಟರೇಟ್ ಗಳಿಸಿದರು.

ಅವರ ಮನಸ್ಸನ್ನು ಹಿಡಿದಿದ್ದ ಪ್ರಶ್ನೆ ಬಹಳ ಸರಳ. ಎಲೆಯ ಹಸಿರು ಒಂದೇ ಬಣ್ಣವೋ, ಹಲವು ಬಣ್ಣಗಳ ಮಿಶ್ರಣವೋ? ಕಿರಿದಾದ ಗಾಜಿನ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಳಿ ಪುಡಿಯನ್ನು ಒತ್ತಿ ತುಂಬಿದರು. ಎಲೆಯ ರಸವನ್ನು ದ್ರಾವಕದಲ್ಲಿ ತೆಗೆದು ಮೇಲಿನಿಂದ ಸುರಿದರು, ಹಿಂದೆಯೇ ಶುದ್ಧ ದ್ರಾವಕವನ್ನೂ ಇಳಿಬಿಟ್ಟರು. ಪುಡಿಗೆ ಗಟ್ಟಿಯಾಗಿ ಅಂಟುವ ಬಣ್ಣ ಮೇಲೆಯೇ ಉಳಿಯಿತು, ಸಡಿಲವಾಗಿ ಅಂಟುವುದು ಕೆಳಗೆ ಸಾಗಿತು. ಹಸಿರು, ಹಳದಿ ಪಟ್ಟಿಗಳು ಒಂದರ ಕೆಳಗೊಂದು ಬೇರೆಯಾಗಿ ನಿಂತವು. 1903ರಲ್ಲಿ ವಾರ್ಸಾದ ಸಭೆಯೊಂದರಲ್ಲಿ ಅವರು ಇದನ್ನು ವಿವರಿಸಿದರು. 1906ರಲ್ಲಿ ಇದಕ್ಕೆ ಕ್ರೊಮ್ಯಾಟೋಗ್ರಫಿ, ಅಂದರೆ ವರ್ಣಲೇಖನ, ಎಂದು ಹೆಸರಿಟ್ಟರು. ಅವರ ಮನೆತನದ ಹೆಸರಾದ ತ್ಸ್ವೆತ್ ಎಂಬುದಕ್ಕೂ ರಷ್ಯನ್ ಭಾಷೆಯಲ್ಲಿ ಬಣ್ಣ ಎಂದೇ ಅರ್ಥ!

ಆದರೆ ಆ ಕಾಲದ ಹೆಸರಾಂತ ರಸಾಯನವಿಜ್ಞಾನಿಗಳು ಈ ವಿಧಾನವನ್ನು ನಂಬಲಿಲ್ಲ. ಮೊದಲನೆಯ ಮಹಾಯುದ್ಧ ಬಂದಾಗ ಕಷ್ಟ ಇನ್ನೂ ಹೆಚ್ಚಿತು. 1915ರಲ್ಲಿ ಜರ್ಮನ್ ಸೇನೆ ವಾರ್ಸಾವನ್ನು ವಶಪಡಿಸಿಕೊಂಡಿತು. ತ್ಸ್ವೆತ್ ಊರು ಬಿಟ್ಟು ಮಾಸ್ಕೋ, ನಿಜ್ನಿ ನವ್‌ಗರದ್, ತಾರ್ತು, ವರೋನೆಷ್ ಎಂದು ಅಲೆಯಬೇಕಾಯಿತು. 1918ರಲ್ಲಿ ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಸೂಚಿತವಾಯಿತು, ಪ್ರಶಸ್ತಿ ದೊರೆಯಲಿಲ್ಲ. 1919ರ ಜೂನ್ 26ರಂದು ವರೋನೆಷ್‌ನಲ್ಲಿ ಅವರು ನಿಧನರಾದರು. ಆಗ ಅವರಿಗೆ 47 ವರ್ಷ.

ಸುಮಾರು ಹನ್ನೆರಡು ವರ್ಷಗಳ ನಂತರ, 1931ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿಜ್ಞಾನಿಗಳು ಆ ಮರೆತುಹೋದ ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡರು. ಕ್ರೊಮ್ಯಾಟೋಗ್ರಫಿಯನ್ನು ಮುಂದುವರಿಸಿದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಬೂಷ್ಟಿನ ವಿಷಕ್ಕೂ ಈ ವಿದ್ಯೆಗೂ ನಂಟು ಬೆಳೆದದ್ದು ಹೀಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ವಿಷ ಸಿಕ್ಕಿತು. ಅದನ್ನು ಬೇರ್ಪಡಿಸಿದ್ದು ಕ್ರೊಮ್ಯಾಟೋಗ್ರಫಿಯೇ. ನೇರಳಾತೀತ ಬೆಳಕಿನಲ್ಲಿ ಕೆಲವು ಚುಕ್ಕೆಗಳು ನೀಲಿಯಾಗಿ, ಕೆಲವು ಹಸಿರಾಗಿ ಹೊಳೆದವು. ಬ್ಲೂ, ಗ್ರೀನ್ ಎಂಬ ಪದಗಳ ಮೊದಲಕ್ಷರದಿಂದಲೇ ಅಫ್ಲಟಾಕ್ಸಿನ್ ಬಿ ಮತ್ತು ಜಿ ಎಂಬ ಹೆಸರುಗಳು ಬಂದವು.

ಈಗ ಯಂತ್ರವೇ ಸಾಲಾಗಿಟ್ಟ ಪುಟ್ಟ ಸೀಸೆಗಳಿಂದ ಒಂದೊಂದಾಗಿ ದ್ರಾವಣ ಹೀರಿ, ಉಕ್ಕಿನ ಕೊಳವೆಯೊಳಗೆ ಒತ್ತಡದಿಂದ ಹಾಯಿಸಿ, ವಿಷದ ಪ್ರಮಾಣವನ್ನು ಗಣಕದಲ್ಲಿ ಬರೆಯುತ್ತದೆ. ನಮ್ಮ ದೇಶದ ಕಾನೂನು ಒಂದು ಕಿಲೋ ಧಾನ್ಯದಲ್ಲಿ 15 ಮೈಕ್ರೊಗ್ರಾಂಗಿಂತ ಹೆಚ್ಚು ಅಫ್ಲಟಾಕ್ಸಿನ್ ಇರಬಾರದೆನ್ನುತ್ತದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಮೈಕ್ರೊಗ್ರಾಂ. ಅಷ್ಟು ಸೂಕ್ಷ್ಮವನ್ನು ಯಂತ್ರ ಅಳೆಯುತ್ತದೆ.

ಆದರೂ ಒಂದು ಕೆಲಸ ಮನುಷ್ಯನ ಜವಾಬ್ದಾರಿಯಾಗಿಯೇ ಉಳಿದಿದೆ. ಒಂದು ಮೂಟೆ ಕಡಲೆಕಾಯಿಯಲ್ಲಿ ವಿಷ ಕೆಲವೇ ಕಾಳುಗಳಲ್ಲಿರಬಹುದು. ಮೂಟೆಯ ಬೇರೆ ಬೇರೆ ಕಡೆಯಿಂದ ಮಾದರಿ ತೆಗೆದು, ಅರೆದು, ಚೆನ್ನಾಗಿ ಬೆರೆಸದಿದ್ದರೆ ಯಂತ್ರದ ಉತ್ತರ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಂತ್ರ ತನಗೆ ಕೊಟ್ಟದ್ದನ್ನಷ್ಟೇ ಅಳೆಯಬಲ್ಲದು.

ವಿದ್ಯಾರ್ಥಿಗಳೇ, ತ್ಸ್ವೆತ್ ಅವರ ಪದವಿಗೆ ಒಂದು ದೇಶ ಮಾನ್ಯತೆ ಕೊಡಲಿಲ್ಲ, ಅವರ ವಿಧಾನಕ್ಕೆ ಒಂದು ತಲೆಮಾರು ಬೆಲೆ ಕೊಡಲಿಲ್ಲ. ಆದರೂ ಅವರು ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಅವರು ಕಾಣದ ದೇಶಗಳಲ್ಲಿ, ಅವರು ಕೇಳರಿಯದ ವಿಷದಿಂದ ಇಂದು ಎಷ್ಟೋ ಜನರ ತಟ್ಟೆಯ ಅನ್ನ ಕಾಪಾಡಲ್ಪಡುತ್ತಿದೆ. ನಿಮ್ಮ ಪರಿಶ್ರಮಕ್ಕೆ ತಕ್ಷಣ ಫಲ ಕಾಣದಿದ್ದಾಗ ಆ ಗಾಜಿನ ಕೊಳವೆಯನ್ನು ನೆನಪಿಸಿಕೊಳ್ಳಿರಿ.