ಕಪ್ಪು ಬಣ್ಣ ಮಂಕಾಗಿದ್ದೇಕೆ? ದೂರಿನ ಬೆನ್ನು ಹತ್ತಿದ ಶೆವ್ರೆಲ್‌ಗೆ ಸಿಕ್ಕಿದ್ದು ಕಣ್ಣಿನ ಮೋಸ

ಪ್ಯಾರಿಸ್‌ನ ಗೊಬೆಲಾಂ ಕಾರ್ಖಾನೆ ಎಂದರೆ ಫ್ರಾನ್ಸ್‌ನ ಅರಮನೆಗಳಿಗೆ ನೇಯ್ದ ಚಿತ್ರಪರದೆ ಒದಗಿಸುತ್ತಿದ್ದ ಜಾಗ. ಅಲ್ಲಿನ ಬಣ್ಣಗಾರರ ಮೇಲೆ ಒಂದು ದೂರಿತ್ತು. ನೀಲಿ, ನೇರಳೆ ಬಟ್ಟೆಯ ಮಡಿಕೆಗಳಿಗೆ ನೆರಳು ತೋರಿಸಲು ಬಳಸುವ ಕಪ್ಪು ಉಣ್ಣೆ ಮಂಕಾಗಿ ಕಾಣುತ್ತದೆ, ಬಣ್ಣ ಸರಿಯಾಗಿ ಹಿಡಿದಿಲ್ಲ ಎಂಬುದೇ ಆ ದೂರು. ಇದನ್ನು ಬಿಡಿಸುವ ಹೊಣೆ ಬಿದ್ದಿದ್ದು 1824ರಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥರಾಗಿ ಬಂದ ಮಿಶೆಲ್ ಯೂಜೀನ್ ಶೆವ್ರೆಲ್ ಮೇಲೆ.

ಶೆವ್ರೆಲ್ ಹುಟ್ಟಿದ್ದು 1786ರ ಆಗಸ್ಟ್ 31ರಂದು, ಆಂಜೆ ಪಟ್ಟಣದಲ್ಲಿ. ತಂದೆ ಶಸ್ತ್ರವೈದ್ಯರು. ಫ್ರಾನ್ಸ್ ಕ್ರಾಂತಿಯ ಗದ್ದಲದಲ್ಲೇ ಬಾಲ್ಯ ಕಳೆದ ಹುಡುಗ ಪ್ಯಾರಿಸ್‌ಗೆ ಬಂದು ವೋಕ್ಲಾಂ ಎಂಬ ರಸಾಯನಶಾಸ್ತ್ರಜ್ಞರ ಬಳಿ ಕೆಲಸ ಕಲಿತರು. ಗೊಬೆಲಾಂಗೆ ಬರುವ ಹೊತ್ತಿಗಾಗಲೇ ಕೊಬ್ಬು, ಸೋಪಿನ ಒಳಗುಟ್ಟು ಬಿಡಿಸಿ ಹೆಸರು ಮಾಡಿದ್ದರು. ಇವತ್ತು ಬ್ಲಡ್ ಟೆಸ್ಟ್ ರಿಪೋರ್ಟ್‌ನಲ್ಲಿ ನೋಡಿ ನಾವು ಗಾಬರಿಯಾಗುವ ಕೊಲೆಸ್ಟ್ರಾಲ್ ಎಂಬ ಹೆಸರಿನ ಮೂಲವೂ ಇವರೇ.

ಕಪ್ಪಿನ ವಿಷಯಕ್ಕೆ ಬರೋಣ. ಬಣ್ಣ ಕೆಟ್ಟಿದೆ ಎಂದು ಒಪ್ಪಿಕೊಂಡು ಕೆಲಸಗಾರರನ್ನು ಬೈದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಶೆವ್ರೆಲ್ ಹಾಗೆ ಮಾಡಲಿಲ್ಲ. ಬೇರೆ ಹೆಸರಾಂತ ಕಾರ್ಖಾನೆಗಳ ಕಪ್ಪು ಉಣ್ಣೆ ತರಿಸಿ, ತಮ್ಮದರ ಪಕ್ಕ ಇಟ್ಟು ನೋಡಿದರು. ವ್ಯತ್ಯಾಸವೇ ಇಲ್ಲ! ಅಂದರೆ ತಪ್ಪು ಬಣ್ಣದ ಹಂಡೆಯದ್ದಲ್ಲ.

ಬಟ್ಟೆಯ ಬಣ್ಣ ಎಂದರೆ ಅದು ಹೀರದೆ ಉಳಿಸಿ ಕಳುಹಿಸಿದ ಬೆಳಕು. ನೀಲಿ ಉಣ್ಣೆ ಕಿತ್ತಳೆಯ ಕಡೆಯ ಬೆಳಕನ್ನು ಹೀರಿ ನೀಲಿಯನ್ನು ವಾಪಸ್ ಕೊಡುತ್ತದೆ. ಕಪ್ಪು ಬಹುಪಾಲು ಎಲ್ಲವನ್ನೂ ನುಂಗುತ್ತದೆ. ಆದರೆ ಕಣ್ಣು ಒಂದೊಂದು ಎಳೆಯನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಪಕ್ಕದಲ್ಲಿ ದಟ್ಟ ನೀಲಿ ಇದ್ದರೆ ಅದಕ್ಕೆ ಎದುರಾದ ಕಿತ್ತಳೆಯ ಛಾಯೆಯನ್ನು ಕಪ್ಪಿನ ಮೇಲೆ ತಾನೇ ಬಳಿದುಬಿಡುತ್ತದೆ. ಕಪ್ಪು ಕಂದಾಗಿ, ಹಳೆಯದಾಗಿ ಕಾಣುತ್ತದೆ. ಸೀರೆಯ ಒಡಲು ಬದಲಾದರೆ ಅದೇ ಅಂಚು ಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ. ಬಣ್ಣಗಳ ಈ ಪರಸ್ಪರ ಪ್ರಭಾವದ ಬಗ್ಗೆ ಅವರು ಬರೆದ ದೊಡ್ಡ ಪುಸ್ತಕ 1839ರಲ್ಲಿ ಹೊರಬಂತು. ಮುಂದೆ ಸೊರಾ, ಸಿನ್ಯಾಕ್‌ರಂಥ ಚಿತ್ರಕಾರರು ಚುಕ್ಕಿ ಚುಕ್ಕಿಯಾಗಿ ಬಣ್ಣ ಇಡಲು ಅದರಿಂದ ಕಲಿತರು.

ಹಾಗಂತ ಎಳೆಯನ್ನು ಅವರು ಮರೆತವರಲ್ಲ. ನಿಜಕ್ಕೂ ಮಾಸುವ ಬಣ್ಣಗಳ ಬಗ್ಗೆ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯ. ಅರಿಶಿನ, ಕುಸುಬೆ ಹೂವು, ನೀಲಿಯಂಥ ಬಣ್ಣಗಳನ್ನು ಹತ್ತಿ, ರೇಷ್ಮೆ, ಉಣ್ಣೆಗೆ ಹಾಕಿಸಿ ಬಿಸಿಲಿಗಿಟ್ಟರು. ಕೆಲವನ್ನು ತೆರೆದ ಗಾಳಿಯಲ್ಲಿ, ಕೆಲವನ್ನು ತೇವದ ಗಾಳಿಯಲ್ಲಿ, ಇನ್ನು ಕೆಲವನ್ನು ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿ. ಗಾಳಿಯೇ ಇಲ್ಲದ ಕಡೆ ಎಷ್ಟೋ ಬಣ್ಣಗಳು ಬಿಸಿಲು ಬಿದ್ದರೂ ತಾಳಿಕೊಂಡವು. ಬಟ್ಟೆ ಮಾಸಿದರೆ ಬಿಸಿಲೊಂದನ್ನೇ ದೂರುವಂತಿಲ್ಲ, ಗಾಳಿಯ ಆಮ್ಲಜನಕ ಮತ್ತು ತೇವವೂ ಕೈ ಸೇರಿಸಿವೆ ಎಂದು ಇದರಿಂದ ಗೊತ್ತಾಯಿತು. ಜೊತೆಗೆ, ಒಂದೇ ಬಣ್ಣ ಮೂರು ಎಳೆಗಳ ಮೇಲೆ ಮೂರು ತರಹ ಬಾಳುತ್ತದೆ ಎಂಬುದೂ. ಉಣ್ಣೆ, ರೇಷ್ಮೆ ಪ್ರಾಣಿಮೂಲದ ಎಳೆಗಳು. ಹಲವು ಬಣ್ಣಗಳನ್ನು ಸುಲಭವಾಗಿ ಹಿಡಿಯುತ್ತವೆ. ಹತ್ತಿಗೆ ಅದೇ ಬಣ್ಣ ಅಂಟಬೇಕಾದರೆ ಪಟಿಕದಂಥ ಮಧ್ಯವರ್ತಿ ಬೇಕು.

ನೇಕಾರರು ಮತ್ತು ಬಣ್ಣಗಾರರು ಒಂದೇ ಭಾಷೆ ಮಾತಾಡಲಿ ಎಂದು 72 ಬಣ್ಣಗಳ ಚಕ್ರವನ್ನೂ ಶೆವ್ರೆಲ್ ರೂಪಿಸಿದರು. ತಿಳಿ, ಗಾಢ, ಮಂಕು ಎಲ್ಲ ಸೇರಿಸಿದರೆ 14 ಸಾವಿರಕ್ಕೂ ಹೆಚ್ಚು ಛಾಯೆ.

1886ರಲ್ಲಿ ನೂರು ತುಂಬಿದಾಗ ದೇಶವೇ ಸಂಭ್ರಮಿಸಿತು. ಛಾಯಾಗ್ರಾಹಕ ನಾಡಾರ್ ಅವರೊಡನೆ ಮಾತಿಗೆ ಕುಳಿತರೆ, ಮಗ ಪಾಲ್ ಕ್ಯಾಮೆರಾ ಹಿಡಿದಿದ್ದರು. ಜಗತ್ತಿನ ಮೊದಲ ಫೋಟೊ ಸಂದರ್ಶನ ಎಂದು ಅದನ್ನು ಕರೆಯುತ್ತಾರೆ. ಬಣ್ಣಕ್ಕೇ ಬದುಕು ಕೊಟ್ಟವರ ಆ ಚಿತ್ರಗಳೆಲ್ಲ ಕಪ್ಪು ಬಿಳುಪು.

1889ರ ಮಾರ್ಚ್ ಕೊನೆಯಲ್ಲಿ ಮಗ ತೀರಿಕೊಂಡರು. ಎರಡು ವಾರದೊಳಗೆ, ಏಪ್ರಿಲ್ 9ರಂದು, 102ರ ಶೆವ್ರೆಲ್ ಕೂಡ. ಐಫೆಲ್ ಗೋಪುರ ಆಗಷ್ಟೇ ಎದ್ದು ನಿಂತಿತ್ತು. ಅದರ ಮೇಲೆ ಕೆತ್ತಿದ ಹೆಸರುಗಳೂ 72. ಅದರಲ್ಲಿ ಶೆವ್ರೆಲ್ ಹೆಸರೂ ಒಂದು.