ಅಶೋಕ ಚಕ್ರವರ್ತಿಯೂ ರೋಗಿಯ ದಾರಿಯೂ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯ ಬಡವರ ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಮೊದಲು ಹುಟ್ಟುವ ಚಿಂತೆ ಔಷಧದ್ದಲ್ಲ, ದಾರಿಯ ಖರ್ಚಿನದು. ಚಳ್ಳಕೆರೆಯಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಸುಮಾರು 30 ಕಿ.ಮೀ. ಉಂಟು. ಮೊಳಕಾಲ್ಮೂರಿನವರಿಗೆ ಅದು ಎರಡು ಪಾಲಿಗಿಂತಲೂ ಹೆಚ್ಚಾದ ದೂರ. ಆದದರಿಂದ ಅವರಲ್ಲಿ ಅನೇಕರು ಬಳ್ಳಾರಿಗೆ ಹೋಗುತ್ತಾರೆ. ಚಿಕಿತ್ಸೆಯು ಧರ್ಮಾರ್ಥವಾಗಿ ದೊರೆತಾಗ್ಯೂ ಬಸ್ಸಿನ ಚೀಟಿ, ಜೊತೆಗೆ ಹೋಗುವವರ ಊಟ, ಅವರು ಕಳಕೊಳ್ಳುವ ದಿನಗೂಲಿ ಇವುಗಳನ್ನು ಯಾರು ಕೊಡುವರು? ನಾಳೆ ನೋಡೋಣ, ಸಂತೆ ಕಳೆಯಲಿ ಎಂದು ತಡಮಾಡುವಷ್ಟರಲ್ಲಿ ರೋಗವು ಬಲಿಯುತ್ತದೆ. ಔಷಧವೂ ದಾರಿಯೂ ಒಂದೇ ಕಾರ್ಯದ ಎರಡು ಭಾಗಗಳೆಂದು ಎರಡು ಸಾವಿರದ ಇನ್ನೂರು ವರುಷಗಳಿಗೂ ಹಿಂದೆ ತಿಳುಕೊಂಡ ಒಬ್ಬ ಅರಸನಿದ್ದನು. ಅವನ ಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೆಯೂ ಇರುವದರಿಂದ ಅವನ ಚರಿತ್ರೆಯು ನಮಗೆ ಹೊರಗಿನದಲ್ಲ.

ಮೌರ್ಯ ವಂಶದ ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನು ಸುಮಾರು ಕ್ರಿ.ಪೂ. 268ರಲ್ಲಿ ಪಾಟಲೀಪುತ್ರದಲ್ಲಿ ಪಟ್ಟಕ್ಕೆ ಬಂದನು. ಪಟ್ಟವಾಗಿ 8 ವರುಷಗಳಾದ ಮೇಲೆ ಕಳಿಂಗ ದೇಶದ ಮೇಲೆ ದಂಡೆತ್ತಿ ಅದನ್ನು ಜಯಿಸಿದನು. ಆ ಯುದ್ಧದಲ್ಲಿ 1,00,000 ಜನರು ಹತರಾದರೆಂದೂ 1,50,000 ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಇನ್ನೂ ಅನೇಕರು ಬೇರೆ ಬೇರೆ ಬಾಧೆಗಳಿಂದ ಸತ್ತರೆಂದೂ ಅವನೇ ಶಿಲೆಯಲ್ಲಿ ಬರೆಯಿಸಿದ್ದಾನೆ. ಜಯಿಸಿದ ಅರಸರು ತಮ್ಮ ಪರಾಕ್ರಮವನ್ನು ಹೊಗಳಿಸಿಕೊಳ್ಳುವದು ವಾಡಿಕೆ. ಇವನಾದರೋ ತಾನು ಮಾಡಿದ ಕೇಡನ್ನು ಲೆಕ್ಕಹಾಕಿ ಪಶ್ಚಾತ್ತಾಪಪಟ್ಟನು.

ಆದರೆ ಅವನ ಮನಸ್ಸು ಒಂದೇ ದಿನದಲ್ಲಿ ಪೂರ್ಣವಾಗಿ ತಿರುಗಲಿಲ್ಲ. ಇದನ್ನು ನಮ್ಮ ಸೀಮೆಯ ಬಂಡೆಗಳೇ ತಿಳಿಸುತ್ತವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅವನ ಶಾಸನವನ್ನು 1892ರಲ್ಲಿ ಕಂಡುಹಿಡಿದವರು ಬಿ. ಎಲ್. ರೈಸರು, ಇವರು ಬೆಂಗಳೂರಿನ ಲಂಡನ್ ಮಿಷನ್ ಬೋಧಕರಾಗಿದ್ದ ಬೆಂಜಮಿನ್ ರೈಸರ ಮಗ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲವೆಂಬ ಪಟ್ಟಣದ ಅಧಿಕಾರಿಗಳಿಗೆ ಈ ಆಜ್ಞೆಯನ್ನು ಕಳುಹಿಸಿದನು. ಇದನ್ನು ಬರೆದವನ ಹೆಸರು ಚಪಡ. ಬುದ್ಧನ ಮಾರ್ಗವನ್ನು ಹಿಡಿದ ಮೊದಲನೆಯ ವರುಷದಲ್ಲಿ ತಾನು ಬಹಳ ಆಸಕ್ತಿಯಿಂದ ನಡೆಯಲಿಲ್ಲವೆಂದೂ ಆಮೇಲೆಯೇ ಶ್ರದ್ಧೆಯುಳ್ಳವನಾದೆನೆಂದೂ ಚಕ್ರವರ್ತಿಯು ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ದೊಡ್ಡವನು ಮಾತ್ರವಲ್ಲ, ಪ್ರಯತ್ನಿಸಿದರೆ ಸಣ್ಣವನೂ ಶ್ರೇಷ್ಠ ಫಲವನ್ನು ಹೊಂದಬಹುದೆಂದು ಹೇಳಿ, ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಾದ ಮಾತು ಇವುಗಳನ್ನು ವಿಧಿಸುತ್ತಾನೆ.

ದಯೆಯು ಬರೇ ಮಾತಾಗಿದ್ದರೆ ಅದರಿಂದ ರೋಗಿಗೆ ಪ್ರಯೋಜನವೇನು? ಅಶೋಕನು ಮಾಡಿದ್ದನ್ನು ಅವನ ಎರಡನೆಯ ದೊಡ್ಡ ಬಂಡೆಶಾಸನವು ತಿಳಿಸುತ್ತದೆ. ಇದರ ಒಂದು ಪ್ರತಿಯು ಗುತ್ತಿಯ ಸಮೀಪದ ಎರ್ರಗುಡಿಯಲ್ಲಿ ಉಂಟು. ಮನುಷ್ಯರಿಗೆ ಒಂದು, ಪಶುಗಳಿಗೆ ಒಂದು, ಹೀಗೆ ಎರಡು ವಿಧವಾದ ಚಿಕಿತ್ಸೆಗಳನ್ನು ಅವನು ಏರ್ಪಡಿಸಿದನು. ಔಷಧದ ಗಿಡಗಳೂ ಬೇರುಗಳೂ ಹಣ್ಣಿನ ಮರಗಳೂ ಇಲ್ಲದ ಸ್ಥಳಗಳಿಗೆ ಅವುಗಳನ್ನು ತರಿಸಿ ನೆಡಿಸಿದನು. ಶಾಸನವು ಅಲ್ಲಿಗೆ ನಿಲ್ಲುವದಿಲ್ಲ. ಅದೇ ಮಾತಿನ ಸಂಗಡ ದಾರಿಗಳಲ್ಲಿ ಬಾವಿಗಳನ್ನು ತೋಡಿಸಿದ್ದನ್ನೂ ಮರಗಳನ್ನು ನೆಡಿಸಿದ್ದನ್ನೂ ಹೇಳುತ್ತದೆ. ಔಷಧವಿದ್ದು ಅದರ ಬಳಿಗೆ ತಲಪುವ ದಾರಿಯಲ್ಲಿ ನೀರೂ ನೆರಳೂ ಇಲ್ಲದಿದ್ದರೆ ಬಲಹೀನನಾದವನು ನಡುವೆಯೇ ಬೀಳುವನು. ಬಿಸಿಲಿನ ಸೀಮೆಯವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಉಪಕಾರವನ್ನು ಅವನು ತನ್ನ ರಾಜ್ಯದ ಮೇರೆಯೊಳಗೆ ಮುಚ್ಚಿಡಲಿಲ್ಲ. ಚೋಳರು, ಪಾಂಡ್ಯರು, ಸತಿಯಪುತ್ರರು, ಕೇರಳಪುತ್ರರು ಇವರ ದೇಶಗಳಲ್ಲಿಯೂ ತಾಮ್ರಪರ್ಣಿಯಲ್ಲಿಯೂ ಯವನ ಅರಸನಾದ ಅಂತಿಯೋಕನ ಸೀಮೆಯಲ್ಲಿಯೂ ಇದನ್ನು ಮಾಡಿಸಿದ್ದಾಗಿ ಬರೆಯಿಸಿದನು. ರೋಗವು ಮೇರೆಯನ್ನು ನೋಡಿ ನಿಲ್ಲುವದಿಲ್ಲವಲ್ಲಾ.

ಪಟ್ಟವಾಗಿ 10 ವರುಷಗಳಾದ ಮೇಲೆ ಅವನು ಅರಸರ ಬೇಟೆಯ ಪ್ರಯಾಣಗಳನ್ನು ಬಿಟ್ಟು ಧರ್ಮದ ಪ್ರಯಾಣಗಳನ್ನು ಕೈಕೊಂಡನು. ಆ ಸಂಚಾರಗಳಲ್ಲಿ ವೃದ್ಧರನ್ನು ಕಂಡು ಅವರಿಗೆ ಹೊನ್ನನ್ನು ಹಂಚುತ್ತಿದ್ದನು. ಹಳ್ಳಿಯ ಜನರನ್ನು ಕಂಡು ಮಾತಾಡುತ್ತಿದ್ದನು. 13 ವರುಷಗಳಾದ ಮೇಲೆ ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿ, ದಿಕ್ಕಿಲ್ಲದವರನ್ನೂ ಮುದುಕರನ್ನೂ ಮಕ್ಕಳ ಭಾರವುಳ್ಳ ಸೆರೆಯವರನ್ನೂ ವಿಚಾರಿಸುವ ಕೆಲಸವನ್ನು ಅವರಿಗೆ ಒಪ್ಪಿಸಿದನು.

27 ವರುಷಗಳಾದ ಮೇಲೆ ಬರೆಯಿಸಿದ ಕಂಬದ ಶಾಸನದಲ್ಲಿ ದಾರಿಗಳ ವಿಷಯವು ತಿರಿಗಿ ಬರುತ್ತದೆ. ಆಲದ ಮರಗಳು, ಮಾವಿನ ತೋಪುಗಳು, ಬಾವಿಗಳು, ತಂಗುವ ಮನೆಗಳು, ನೀರಿನ ಅರವಟ್ಟಿಗೆಗಳು ಇವೆಲ್ಲವನ್ನು ಎಣಿಸಿದ ಮೇಲೆ, ಇಂಥ ಸುಖವು ಅಲ್ಪವಾದದ್ದೇ, ಹಿಂದಿನ ಅರಸರೂ ಇದನ್ನು ಮಾಡಿದ್ದಾರೆ ಎನ್ನುತ್ತಾನೆ. ಜನರು ಧರ್ಮದಲ್ಲಿ ನಡೆಯಬೇಕೆಂಬುವದೇ ಅವನ ಉದ್ದೇಶವಾಗಿತ್ತು. ಸುಮಾರು ಕ್ರಿ.ಪೂ. 232ರಲ್ಲಿ ಅವನು ತೀರಿಹೋದನು. ಬಹುಕಾಲ ಅವನ ಲಿಪಿಯನ್ನು ಓದಬಲ್ಲವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪನು ಅದನ್ನು ಓದಿದನು.

ಈಗ ನಮ್ಮ ಸಂಗತಿಗೆ ಬರೋಣ. ದಾರಿಯ ಭಾರವನ್ನು ಹೊರುವ ಏರ್ಪಾಡುಗಳು ನಮ್ಮ ಕಾಲದಲ್ಲಿಯೂ ಇವೆ. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 108 ಆಂಬುಲೆನ್ಸನ್ನು ಅಪಾಯದ ವೇಳೆಯಲ್ಲಿ ಹಣವಿಲ್ಲದೆ ಕರೆಯಬಹುದು. 2011ರಲ್ಲಿ ಹುಟ್ಟಿದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಗರ್ಭಿಣಿಯರನ್ನೂ ಕಾಯಿಲೆಯ ಶಿಶುಗಳನ್ನೂ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಗತ್ಯವಾದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ತರುವಾಯ ತಿರಿಗಿ ಮನೆಗೆ ಖರ್ಚಿಲ್ಲದೆ ಮುಟ್ಟಿಸಬೇಕೆಂದು ವಿಧಿಸುತ್ತದೆ. ಕ್ಯಾನ್ಸರ್ ರೋಗಿಯು ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವಾಗ ಆಸ್ಪತ್ರೆಯ ಪ್ರಮಾಣಪತ್ರವನ್ನು ತೋರಿಸಿದರೆ ಅವನಿಗೂ ಜೊತೆಗಾರನಿಗೂ ದರದಲ್ಲಿ ರಿಯಾಯಿತಿ ಉಂಟು. ಇವುಗಳನ್ನು ಅರಿಯದೆ ಬಡ್ಡಿಗೆ ಸಾಲ ತಂದು ಬಾಡಿಗೆ ಕಾರು ಮಾಡುವವರು ಇದ್ದಾರೆ. ಓದಬಲ್ಲವರು ಓದಲಾರದವರಿಗೆ ಇವುಗಳನ್ನು ತಿಳಿಸುವದೂ ಒಂದು ದಾನವೇ.

ಇಷ್ಟಾದಾಗ್ಯೂ ಎಲ್ಲಾ ಕಾಯಿಲೆಗಳಿಗೂ ಎಲ್ಲಾ ಪ್ರಯಾಣಗಳಿಗೂ ಈ ಸಹಾಯವು ಸಾಲದು. ತಿಂಗಳು ತಿಂಗಳು ಔಷಧಕ್ಕೆ ಹೋಗುವ ಮುದುಕನಿಗೂ ಅವನ ಕೈಹಿಡಿದು ಹೋಗುವ ಮಗನಿಗೂ ಬಸ್ಸಿನ ದುಡ್ಡು ಬೇಕೇ ಬೇಕು. ಗಾಯಪಟ್ಟವನನ್ನು ತನ್ನ ಸವಾರಿಯ ಪಶುವಿನ ಮೇಲೆ ಕೂಡ್ರಿಸಿ ಛತ್ರಕ್ಕೆ ಮುಟ್ಟಿಸಿ ಅವನ ಖರ್ಚಿಗೆ ಹಣವನ್ನೂ ಕೊಟ್ಟ ಸಮಾರ್ಯದವನನ್ನು ನಾವೆಲ್ಲರೂ ಬಲ್ಲೆವು. ಊರಿನವರು ಅಡಿಗೆಗೆ ಮುಂಚೆ ಒಂದು ಹಿಡಿ ಧಾನ್ಯವನ್ನು ತೆಗೆದಿಟ್ಟು, ವಾರಕ್ಕೊಮ್ಮೆ ಕೂಡಿಸಿ ಮಾರಿ, ಆ ಹಣವನ್ನು ರೋಗಿಗಳ ದಾರಿಗೆಂದು ಬೇರೆ ಇಟ್ಟರೆ ಯಾವ ಮನೆಯೂ ಬಡವಾಗದು. ಕೇಳಲು ನಾಚುವವರ ಮನೆಗೆ ಅದು ತಾನಾಗಿ ಹೋಗಲಿ.

ಚಕ್ರವರ್ತಿಗೆ ಸಾಧ್ಯವಾದದ್ದು ನಮಗೆ ಹೇಗೆ ಸಾಧ್ಯವೆಂದು ಕೇಳುವವನು ಬ್ರಹ್ಮಗಿರಿಗೆ ಹೋಗಿ ಆ ಬಂಡೆಯನ್ನು ನೋಡಲಿ. ಸಣ್ಣವನಿಗೂ ಸಾಧ್ಯವೆಂದು ಅದರ ಮೇಲೆ ಕೊರೆದಿದೆ.